365 ರಾತ್ರಿ ನನ್ನ ಜೊತೆಗಿದ್ದವರಿಗೆ

ನಮ್ಮ ಯಜಮಾನರನ್ನು ಸಮಾಧಿ ಮಾಡಿ ಇವತ್ತಿಗೆ ಒಂದು ವರ್ಷ. ಇದನ್ನು ಕೂತು ಬರೆಯುವಷ್ಟು ಶಕ್ತಿ ನನಗೆ ಬಂದಿದೆ ಅಂದರೆ ಅದಕ್ಕೆ ಮೂವರು ಹೆಂಗಸರು ಕಾರಣ. ಹೆಸರು ಹಾಕುವುದು ಅವರಿಗೆ ಇಷ್ಟವಿಲ್ಲ. ಹಾಗಾಗಿ ಅಕ್ಕ, ಗೆಳತಿ, ತಂಗಿ ಅಂತಲೇ ಬರೆಯುತ್ತೇನೆ. ನಾವು ರಕ್ತ ಸಂಬಂಧಿಗಳಲ್ಲ. ಚರ್ಚಿನ ಸಭೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತು ಹಾಡುತ್ತಿದ್ದವರು.

ಎಂಟು ತಿಂಗಳ ಕಾಯಿಲೆ. ಎಲ್ಲರೂ ಉಪವಾಸವಿದ್ದು ಪ್ರಾರ್ಥಿಸಿದೆವು. ಗುಣವಾಗಲಿಲ್ಲ.

ಅವರು ಹೋದ ಮೇಲೆ ನನಗೆ ಪ್ರಾರ್ಥನೆಯೇ ನಿಂತುಹೋಯಿತು. ‘ತಂದೆಯೇ’ ಅನ್ನುವ ಒಂದು ಮಾತೂ ಬಾಯಿಗೆ ಬರುತ್ತಿರಲಿಲ್ಲ. ಸತ್ಯವೇದ (ಬೈಬಲ್) ತೆರೆದರೆ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದ ವಾಕ್ಯಗಳೇ ಕಣ್ಣಿಗೆ ಬೀಳುತ್ತಿದ್ದವು. ಮುಚ್ಚಿಟ್ಟುಬಿಡುತ್ತಿದ್ದೆ. ಅದೇ ದಿನಗಳಲ್ಲಿ ಒಬ್ಬರು ನನ್ನ ಹತ್ತಿರ ಬಂದು, ನಿಮ್ಮ ನಂಬಿಕೆ ಸ್ವಲ್ಪ ಕಡಿಮೆ ಇತ್ತೇನೋ ಅಂದರು. ಆ ಮಾತು ಎಷ್ಟು ಆಳಕ್ಕೆ ಇಳಿಯಿತು ಅಂತ ಅಕ್ಕನಿಗೆ ಮಾತ್ರ ಹೇಳಿದೆ. ಅಕ್ಕ ವಾದ ಮಾಡಲಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆದು ಓದಿದರು. ಹುಟ್ಟು ಕುರುಡನನ್ನು ಕಂಡು, ಇದು ಯಾರು ಮಾಡಿದ ಪಾಪ ಅಂತ ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಅನ್ನುತ್ತಾನೆ ಯೇಸು. ಅಕ್ಕಾ, ಅವತ್ತು ನೀವು ಅಷ್ಟಕ್ಕೇ ನಿಲ್ಲಿಸಿದ್ದಕ್ಕೆ ನಿಮಗೆ ವಂದನೆ. ಒಂದು ಮಾತು ಜಾಸ್ತಿ ಆಡಿದ್ದರೂ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಸಮಾಧಿಯ ಮರುದಿನ ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಮೂವರೂ ಲೈನಿನಲ್ಲಿದ್ದರು. ‘ನೀನೇನೂ ಮಾತಾಡಬೇಡ, ಫೋನ್ ಕಿವಿಗೆ ಇಟ್ಟುಕೋ ಸಾಕು’ ಅಂದಳು ಗೆಳತಿ. ಸತ್ಯವೇದದಲ್ಲಿರುವ 150 ಕೀರ್ತನೆಗಳಲ್ಲಿ ಮೊದಲನೆಯದನ್ನು ತಂಗಿ ಓದಿದಳು. ಅಕ್ಕ ಆಮೆನ್ ಅಂದರು. ಫೋನ್ ಇಟ್ಟರು. ಮಾರನೆಯ ದಿನ ಎರಡನೆಯದು. ಹೀಗೇ ದಿನಕ್ಕೊಂದು. ಪ್ರಸಂಗವಿಲ್ಲ, ಬುದ್ಧಿವಾದವಿಲ್ಲ, ಹೇಗಿದ್ದೀಯಾ ಅನ್ನುವ ಪ್ರಶ್ನೆಯೂ ಇಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಅಂತ ಅವರಿಗೆ ಗೊತ್ತಿತ್ತು.

88ನೇ ರಾತ್ರಿಯ ಬಗ್ಗೆ ಹೇಳಲೇಬೇಕು. ದುಃಖದ ಕೀರ್ತನೆಗಳು ಎಷ್ಟೋ ಇವೆ. ಹೆಚ್ಚಿನವು ಕೊನೆಗೆ ಬರುವಷ್ಟರಲ್ಲಿ ನಿರೀಕ್ಷೆಯ ಕಡೆಗೆ ತಿರುಗುತ್ತವೆ. 88 ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಇದನ್ನು ಬಿಟ್ಟು 89ಕ್ಕೆ ಹೋಗೋಣವಾ ಅಂತ ತಂಗಿ ಮೊದಲೇ ಕೇಳಿದ್ದಳಂತೆ. ಬೇಡ, ಅದನ್ನೂ ಓದು ಅಂದಿದ್ದರು ಅಕ್ಕ. ಓದಿ ಮುಗಿದ ಮೇಲೆ ಯಾರೂ ಆಮೆನ್ ಅನ್ನಲಿಲ್ಲ. ಅಷ್ಟು ದಿನ ಬಿಗಿಹಿಡಿದಿದ್ದ ನಾನು ಜೋರಾಗಿ ಅತ್ತೆ. ಸತ್ಯವೇದದಲ್ಲಿ ಇಂಥ ಪ್ರಾರ್ಥನೆಗೂ ಜಾಗ ಇದೆ ಅಂದರೆ ನನಗೂ ಇದೆ ಅಲ್ವಾ?

ಆಗ ಗೆಳತಿ ಮಾತಾಡಿದಳು. ನಮ್ಮ ಯಜಮಾನರಿಗಾಗಿ ಎಲ್ಲರಿಗಿಂತ ಗಟ್ಟಿಯಾಗಿ ಬೇಡಿಕೊಂಡವಳು ಅವಳೇ. ‘ನಾನೂ ಒಬ್ಬಳೇ ಇದ್ದಾಗ ಪ್ರಾರ್ಥನೆ ಮಾಡುವುದನ್ನು ಬಿಟ್ಟಿದ್ದೇನೆ ಕಣೇ. ನಿನಗೋಸ್ಕರ ಅಂತ ದಿನಾ ಫೋನ್ ಮಾಡುತ್ತೇನೆ. ಇದೊಂದೇ ನನ್ನನ್ನು ದೇವರ ಹತ್ತಿರ ಹಿಡಿದಿಟ್ಟಿರುವುದು’ ಅಂದಳು. ಅವಳು ಅಳುತ್ತಿದ್ದಳು. ನನಗೆ ಏನಾಯಿತೋ ಗೊತ್ತಿಲ್ಲ, ಅವಳಿಗಾಗಿ ಎರಡು ಮಾತು ಪ್ರಾರ್ಥಿಸಿದೆ. ತಂದೆಯೇ, ಇವಳ ಕೈ ಬಿಡಬೇಡ. ಇಷ್ಟೇ. ನನಗಾಗಿ ಕೇಳಲು ಬಾರದ ಬಾಯಿ ಅವಳಿಗಾಗಿ ತೆರೆಯಿತು.

ರೋಮಾಪುರದವರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯದಲ್ಲಿ, ನಿಮ್ಮ ನಂಬಿಕೆಯಿಂದ ನನಗೂ ನನ್ನ ನಂಬಿಕೆಯಿಂದ ನಿಮಗೂ ಧೈರ್ಯ ಸಿಗಲಿ ಅನ್ನುತ್ತಾನೆ ಯೇಸುವಿನ ಅಪೊಸ್ತಲನಾದ (ಸುವಾರ್ತೆ ಸಾರಲು ಕಳಿಸಲ್ಪಟ್ಟವನಾದ) ಪೌಲ. ಅಪೊಸ್ತಲನಿಗೂ ಬೇರೆಯವರ ನಂಬಿಕೆ ಬೇಕಿತ್ತು. ಗೆಳತೀ, ನೀನು ಅವತ್ತು ಗಟ್ಟಿಗಿತ್ತಿಯ ಹಾಗೆ ನಟಿಸಿದ್ದರೆ ನಾನು ಇನ್ನೂ ಸುಮ್ನೆ ಫೋನ್ ಹಿಡಿದು ಕೂತಿರುತ್ತಿದ್ದೆ.

ಸತ್ಯವೇದದಲ್ಲಿ ಇನ್ನೊಂದು ಕಥೆ ಇದೆ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ರಾಜ ಸೌಲನಿಗೆ ಹೆದರಿ ದಾವೀದ ಜೀಫ್ ಅರಣ್ಯದಲ್ಲಿ ಅಡಗಿದ್ದಾಗ, ಅವನ ಗೆಳೆಯ, ಸೌಲನ ಮಗ ಯೋನಾತಾನ ಅಲ್ಲಿಗೇ ಹುಡುಕಿಕೊಂಡು ಹೋದ. ಸೈನ್ಯ ತರಲಿಲ್ಲ. ಅವನನ್ನು ಅಲ್ಲಿಂದ ಬಿಡಿಸಿಕೊಂಡೂ ಹೋಗಲಿಲ್ಲ. ದೇವರಲ್ಲಿ ಅವನನ್ನು ಬಲಪಡಿಸಿ ಮನೆಗೆ ಹಿಂತಿರುಗಿದ. ದಾವೀದ ಅರಣ್ಯದಲ್ಲೇ ಉಳಿದ. ಮೊದಲು ಈ ಭಾಗ ಓದುವಾಗ, ಇಷ್ಟೇನಾ ಅನಿಸುತ್ತಿತ್ತು. ಅದು ಎಷ್ಟು ದೊಡ್ಡದು ಅಂತ ಈಗ ಗೊತ್ತು.

ಆಸ್ಪತ್ರೆಯಲ್ಲಿ ನನ್ನ ಪಾಳಿ ತೆಗೆದುಕೊಂಡು ನನ್ನನ್ನು ಮಲಗಲು ಕಳಿಸಿದವರಿಗೆ, ಮಕ್ಕಳ ಪರೀಕ್ಷೆಯ ದಿನಗಳಲ್ಲಿ ಅವರ ಪಕ್ಕ ಕೂತವರಿಗೆ, ನನಗೆ ತಿಳಿಸದೆಯೇ ಪ್ರಾರ್ಥಿಸಿದವರಿಗೆ, ನಮ್ಮ ಪಾಸ್ಟರಿಗೆ, ಎಲ್ಲರಿಗೂ ನನ್ನ ವಂದನೆ. ತಂಗೀ, 119ನೇ ಕೀರ್ತನೆಯ 176 ವಚನಗಳನ್ನು ಒಂದೇ ರಾತ್ರಿ ಓದೋಣ ಅಂತ ಹಠ ಹಿಡಿದವಳು ನೀನು. 22 ಭಾಗಗಳನ್ನು ಸರದಿಯಂತೆ ಓದಿದೆವು. ನಾನು ಮೊದಲ ಸಲ ದನಿ ಸೇರಿಸಿದ್ದು ಅವತ್ತೇ.

150 ಮುಗಿದಾಗ ಮತ್ತೆ ಒಂದರಿಂದ ಶುರು ಮಾಡಿದೆವು. ಅದೂ ಮುಗಿಯಿತು. ಇವತ್ತು ರಾತ್ರಿ 65ನೆಯದು, ಓದುವ ಸರದಿ ನನ್ನದು. ಅದರಲ್ಲಿ ದೇವರನ್ನು ಪ್ರಾರ್ಥನೆ ಕೇಳುವವನೇ ಅಂತ ಕರೆಯುವ ಮಾತಿದೆ. ವರ್ಷಕ್ಕೆ ಆತನು ಒಳ್ಳೆಯತನದ ಕಿರೀಟ ಇಡುತ್ತಾನೆ ಅನ್ನುವ ಮಾತೂ ಇದೆ. ಅಲ್ಲಿಗೆ ಬಂದಾಗ ನನಗೆ ಗಂಟಲು ಕಟ್ಟಬಹುದು. ಕಟ್ಟಿದರೆ, ಉಳಿದದ್ದನ್ನು ನಿಮ್ಮಲ್ಲಿ ಯಾರಾದರೂ ಓದಿ.