ಜೀಪಿನ ಅಣ್ಣನಿಗೆ ಕೈಮುಗಿದು

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಶುರುವಾದಾಗ ಭಾಗಮಂಡಲದ ಕಡೆಯ ನಮ್ಮ ತೋಟದ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಮಡಿಕೇರಿಯಿಂದ ಅಮ್ಮನ ಮಾತ್ರೆ ತಂದುಕೊಡುತ್ತಿದ್ದ ಅಣ್ಣಾ, ನಿಮಗೆ ಎಲ್ಲರೆದುರು ಧನ್ಯವಾದ ಹೇಳಬೇಕು.

ಮಾತ್ರೆಗಿಂತ ದೊಡ್ಡ ಔಷಧಿ ನೀವು ತರುತ್ತಿದ್ದ ಸುದ್ದಿ. ಮಾಸ್ಕ್ ಹಾಕಿ ಗೇಟಿನಾಚೆ ನಿಂತು, ಯಾರ ಹಸು ಕರು ಹಾಕಿತು, ಯಾರ ತೋಟದಲ್ಲಿ ಕಾಫಿ ಹೂ ಅರಳಿತು, ನಾಪೋಕ್ಲಿನ ಚಿಕ್ಕಮ್ಮ ಏನು ಹೇಳಿ ಕಳಿಸಿದರು, ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಿದ್ದಿರಿ. ಆ ಹೊತ್ತಿಗಾಗಿಯೇ ಅಮ್ಮ ತಲೆ ಬಾಚಿಕೊಂಡು ಜಗಲಿಗೆ ಬರುತ್ತಿದ್ದರು. ನಾಳೆ ಅನ್ನುವುದೊಂದು ಇದೆ ಅಂತ ನಮಗೆ ಅನ್ನಿಸಿದ್ದೇ ಹಾಗೆ.

ಆಗಸ್ಟಿನಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿತು, ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನೀರಿಳಿದ ಮೇಲೆ ಮೊದಲು ಕೇಳಿದ ಸದ್ದು ನಿಮ್ಮ ಜೀಪಿನದು.

ಹೆಸರು ಬೇಡ ಅಂದಿರಿ, ಹಾಕಿಲ್ಲ. ಕೈಲ್‌ಪೊಳ್ದ್ ಹಬ್ಬದ ಊಟಕ್ಕೆ ಬರಲೇಬೇಕು, ಅಮ್ಮನ ಆಜ್ಞೆ.