ಸೋತವರ ಪುಸ್ತಕ ಓದುತ್ತಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ಜೆಫರ್ಸನ್ ಡೇವಿಸ್ ಬರೆದ ಇತಿಹಾಸ ಹಿಡಿದು ಕೂತಿದ್ದೀಯಂತೆ. ಬರೀ ಒಂದೇ ಕಡೆಯ ವಾದ, ಅರ್ಧಕ್ಕೇ ಬಿಡ್ಲಾ ಅಪ್ಪಾ ಅಂತ ಕೇಳಿದ್ದೀಯ. ಬಿಡಬೇಡ. ಅಮೆರಿಕದ ಒಕ್ಕೂಟ ಬಿಟ್ಟು ಬೇರೆಯಾಗಿ, ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳ ಅಧ್ಯಕ್ಷನೇ ಬರೆದದ್ದು, ಇನ್ನು ಹೇಗಿರುತ್ತೆ ಹೇಳು? ಅವನ ಹಳೇ ಮಾತುಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದು, ಅಷ್ಟೇ.

1881ರಲ್ಲಿ ಬಂದ ಈ ಎರಡು ಸಂಪುಟಗಳಲ್ಲಿ, ಗುಲಾಮಗಿರಿ ಯುದ್ಧಕ್ಕೆ ಕಾರಣವೇ ಅಲ್ಲ ಅನ್ನುತ್ತಾನೆ. ನಾವು ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ ಅಂತ ಪುಟಗಟ್ಟಲೆ ವಾದಿಸುತ್ತಾನೆ. ಈಗ 1861ರ ಏಪ್ರಿಲ್ 29ರಂದು ಅವನು ತನ್ನ ಕಾಂಗ್ರೆಸ್ಸಿಗೆ, ಅಂದರೆ ದಕ್ಷಿಣದ ಸಂಸತ್ತಿಗೆ, ಕೊಟ್ಟ ಸಂದೇಶ ನೋಡು. ಯುದ್ಧ ಶುರುವಾಗಿ ಮೂರು ವಾರವೂ ಆಗಿರಲಿಲ್ಲ. ಹತ್ತಿ, ಅಕ್ಕಿ, ಸಕ್ಕರೆ, ತಂಬಾಕು, ಎಲ್ಲಕ್ಕೂ ಗುಲಾಮರ ದುಡಿಮೆ ಬೇಕೇ ಬೇಕು, ಇಷ್ಟು ದೊಡ್ಡ ಹಿತಕ್ಕೆ ಕುತ್ತು ಬಂದದ್ದಕ್ಕೇ ನಾವು ಈ ಹಾದಿ ಹಿಡಿಯಬೇಕಾಯಿತು ಅಂತ ಅದರಲ್ಲಿ ನೇರವಾಗಿ ಹೇಳುತ್ತಾನೆ. ಆಗ ಮುಚ್ಚಿಡುವ ಅಗತ್ಯ ಇರಲಿಲ್ಲ, ಅಲ್ವಾ? ಗೆಲ್ಲುತ್ತೇವೆ ಅಂದುಕೊಂಡಿದ್ದರು.

ರಾಜ್ಯಗಳ ಹಕ್ಕಿನ ಮಾತಿಗೆ ಬಂದರೆ, 1860ರ ಡಿಸೆಂಬರಿನಲ್ಲಿ ಒಕ್ಕೂಟ ಬಿಟ್ಟ ಸೌತ್ ಕೆರೊಲಿನಾ ಕೊಟ್ಟ ಕಾರಣಗಳನ್ನು ಓದು. ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ವಾಪಸ್ ಕೊಡುತ್ತಿಲ್ಲ, ಅದಕ್ಕೆ ಅಡ್ಡಬರುವ ಕಾನೂನು ಬೇರೆ ಮಾಡಿಕೊಂಡಿವೆ ಅನ್ನೋದೇ ದೊಡ್ಡ ದೂರು. ಅಂದರೆ ಉತ್ತರದ ರಾಜ್ಯಗಳಿಗೆ ಆ ಹಕ್ಕು ಇರಬಾರದು!

ಗೆದ್ದವರೇ ಇತಿಹಾಸ ಬರೆಯೋದು ಅಂತಾರಲ್ಲ, ಇಲ್ಲಿ ಆ ಮಾತು ನಡೆಯೋದಿಲ್ಲ. ಸೋತವರು ಬರೆದದ್ದು ಕಮ್ಮಿಯೇನಲ್ಲ. 1894ರಲ್ಲಿ ಹುಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಅನ್ನೋ ದಕ್ಷಿಣದ ಸೈನಿಕರ ಮನೆತನದ ಹೆಂಗಸರ ಸಂಘ, ಊರೂರಲ್ಲಿ ತಮ್ಮ ಸೈನಿಕರ ಪ್ರತಿಮೆ ನಿಲ್ಲಿಸಿತು, ಶಾಲೆಯ ಪಠ್ಯದಲ್ಲಿ ಏನಿರಬೇಕು ಅಂತಲೂ ಕಾವಲು ಕಾಯಿತು.

ಗುಲಾಮರು ತಮ್ಮ ಪಾಡಿಗೆ ತೃಪ್ತರಾಗಿದ್ದರು ಅಂತ ಡೇವಿಸ್ ಒಂದು ಕಡೆ ಬರೆದಿದ್ದಾನೆ. ಅಲ್ಲಿ ಸ್ವಲ್ಪ ನಿಲ್ಲು. 1860ರಲ್ಲಿ ಅವರು ಸುಮಾರು 40 ಲಕ್ಷ ಜನ. ಉತ್ತರದ ಸೇನೆ ಸೇರಿ ಬಂದೂಕು ಹಿಡಿದ ಕಪ್ಪು ಜನ ಸುಮಾರು 1,80,000. ಅವರಲ್ಲಿ ಬಹಳ ಮಂದಿ ದಕ್ಷಿಣದಲ್ಲಿ ಗುಲಾಮರಾಗಿದ್ದವರೇ. ತೃಪ್ತಿ ಇದ್ದವರು ಮಾಡುವ ಕೆಲಸವೇ ಅದು?

ನನಗೆ ಮಜಾ ಅನ್ನಿಸಿದ್ದು ತನ್ನದೇ ಸೇನೆಯ ಜನರಲ್‌ಗಳ ಜೊತೆಗಿನ ಅವನ ಜಗಳ. ಜೋಸೆಫ್ ಜಾನ್‌ಸ್ಟನ್, ಬ್ಯೂರಗಾರ್ಡ್ ಇಬ್ಬರ ಮೇಲೂ ಹಳೇ ಸಿಟ್ಟು ಆರಿಲ್ಲ ಮಹಾರಾಯನಿಗೆ. ಸೋಲಿಗೆ ಯಾರನ್ನು ಹೊಣೆ ಮಾಡುತ್ತಾನೆ, ತನ್ನ ಪಾಲಿಗೆ ಎಷ್ಟು ಇಟ್ಟುಕೊಳ್ಳುತ್ತಾನೆ ಅಂತ ಗುರುತು ಹಾಕಿಕೊಂಡು ಓದು. ಎರಡನೇ ಸಂಪುಟ ಮುಗಿದ ಮೇಲೆ ಫೋನ್ ಮಾಡು. ಜಾನ್‌ಸ್ಟನ್ ಪರ ನಾನು ಸ್ವಲ್ಪ ವಾದ ಮಾಡೋದಿದೆ.

ನಿನ್ನ ಅಪ್ಪ