ಹೊಲಿಗೆ ಅಂಗಡಿಯ ತುಂಡುಬಟ್ಟೆ ಬೆಂಕಿಗೆ ಬೀಳದಿರಲಿ

ಮಾನ್ಯ ಸಂಪಾದಕರೇ,

ಶಾಲೆಗಳು ತೆರೆಯುವ ಈ ದಿನಗಳಲ್ಲಿ ತೀರ್ಥಹಳ್ಳಿಯ ಹೊಲಿಗೆ ಅಂಗಡಿಗಳಲ್ಲಿ ಸಮವಸ್ತ್ರದ ಕೆಲಸ ರಾತ್ರಿಯವರೆಗೂ ನಡೆಯುತ್ತಿದೆ. ಕಳೆದ ವಾರ ಒಂದು ಅಂಗಡಿಯ ಹಿಂಬದಿಯಲ್ಲಿ ಎರಡು ಗೋಣಿಚೀಲದಷ್ಟು ತುಂಡುಬಟ್ಟೆಗೆ ಬೆಂಕಿ ಇಟ್ಟಿದ್ದನ್ನು ಕಂಡೆ. ಸಮವಸ್ತ್ರದ ಪಾಲಿಯೆಸ್ಟರ್ ಕರಗಿ ಉಸಿರುಕಟ್ಟುವ ಹೊಗೆ ಎದ್ದಿತ್ತು. ಅದರ ಜೊತೆಗೇ ರವಿಕೆಯ ಕಣ, ಲಂಗದ ಅಂಚು, ಅಂಗೈಯಗಲದ ಅಚ್ಚ ಹತ್ತಿಯ ತುಂಡುಗಳೂ ಬೂದಿಯಾಗುತ್ತಿದ್ದುದನ್ನು 30 ವರ್ಷಗಳಿಂದ ತುಂಡುಬಟ್ಟೆಯ ಹೊದಿಕೆಯಾದ ಕೌದಿಯನ್ನು ಹೊಲಿಯುತ್ತಿರುವ ನನ್ನಿಂದ ನೋಡಲಾಗಲಿಲ್ಲ.

ಇಷ್ಟು ಚಿಕ್ಕ ತುಂಡು ಯಾತಕ್ಕೆ ಬರುತ್ತದೆ ಎಂದು ಅಂಗಡಿಯವರು ಕೇಳುತ್ತಾರೆ. ಅಂಗೈಗಿಂತ ದೊಡ್ಡದಾದ ತುಂಡು ಕೌದಿಯ ಮೇಲೆ ನೇರವಾಗಿ ಕೂರುತ್ತದೆ. ಮೂರು ಬೆರಳಗಲದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿದರೆ ಅಂಚಾಗುತ್ತದೆ. ಅದಕ್ಕಿಂತ ಚಿಕ್ಕವನ್ನು ಹಳೆಯ ಪಂಚೆಯ ಮೇಲೆ ಒಂದರ ಅಂಚನ್ನು ಇನ್ನೊಂದು ಮುಚ್ಚುವಂತೆ ಹರಡಿ, ಬಿಟ್ಟ ಅಂಚನ್ನು ಒಳಕ್ಕೆ ಮಡಿಸುತ್ತ ದಾರ ಓಡಿಸಿದರೆ ಹೊಸದೊಂದು ಬಟ್ಟೆಯೇ ಕೈಗೆ ಬರುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಮಹಿಳೆಯರು ಅಂಚಿನಿಂದ ಹೊಲಿಗೆ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಕೌದಿ ಮುಗಿಸುತ್ತಾರೆ. ಮೂಲೆಗಳಿಗೆ ಅವರು ಇಡುವ ಮುಮ್ಮೂಲೆಯ ಹೂವಿಗೆ ಬೇಕಾಗುವುದು ನಾವು ಕಸವೆಂದು ಗುಡಿಸುವ ಇಂಥ ತುಣುಕುಗಳೇ.

ಆದರೆ ಹತ್ತಿಯನ್ನೂ ಪಾಲಿಯೆಸ್ಟರನ್ನೂ ಬೆರೆಸಬಾರದು. ಅನುಮಾನವಿದ್ದರೆ ಒಂದೆಳೆ ದಾರವನ್ನು ಎಳೆದು ದೀಪಕ್ಕೆ ಹಿಡಿದರೆ ಸಾಕು, ಹತ್ತಿಯಾದರೆ ಕಾಗದದಂತೆ ಉರಿದು ಮೆತ್ತನೆಯ ಬೂದಿ ಉಳಿಯುತ್ತದೆ, ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯನ್ನು ತುಂಡುಗಳಿಂದ ಹೊಲಿಯುವವರಿಗಂತೂ ಇದು ಕೈ ಸುಟ್ಟುಕೊಳ್ಳದಿರುವ ಪ್ರಶ್ನೆ. ಪಾಲಿಯೆಸ್ಟರ್ ಚೂರುಗಳನ್ನೂ ಎಸೆಯಬೇಕಿಲ್ಲ. ನೀರು ಹೀರದೆ ಬೇಗ ಒಣಗುವುದರಿಂದ ಅವನ್ನು ಸಣ್ಣಗೆ ಕತ್ತರಿಸಿ ಜಗಲಿಯ ಒರಗುದಿಂಬಿಗೆ ತುಂಬಬಹುದು. ಹೊಸ ಹತ್ತಿಯ ತುಂಡನ್ನು ಮಾತ್ರ ಒಗೆಯದೆ ಹೊಲಿಯಬೇಡಿ. ಮೊದಲ ಒಗೆತಕ್ಕೇ ಅದು ಕುಗ್ಗಿ ಪಕ್ಕದ ಹೊಲಿಗೆಯನ್ನೆಲ್ಲ ಎಳೆದುಬಿಡುತ್ತದೆ.

ಕೂಡಿಡುವುದೇ ನಮ್ಮ ಮಲೆನಾಡಿನಲ್ಲಿ ಕಷ್ಟದ ಕೆಲಸ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ತುಂಡುಗಳಿಗೆ ಮಳೆಗಾಲ ಮುಗಿಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ನಾನು ಬಟ್ಟೆಯ ಚೀಲದಲ್ಲಿ ಒಣಗಿದ ಲಕ್ಕಿಸೊಪ್ಪಿನ ಜೊತೆ ತುಂಬಿ, ಒಲೆಯ ಕಾವು ತಾಗುವ ಅಟ್ಟದಲ್ಲಿ ತೂಗುಹಾಕುತ್ತೇನೆ. ಸಾಗರದ ಹತ್ತಿರದ ಭೀಮನಕೋಣೆಯಲ್ಲಿ ‘ಚರಕ’ ಸಹಕಾರ ಸಂಘದ ಮಹಿಳೆಯರು ನೇಯುವ ಕೈಮಗ್ಗದ ಬಟ್ಟೆಯ ಚೂರು ಸಿಕ್ಕಿದರೆ ಅದನ್ನು ಬೇರೆಯೇ ಇಡುತ್ತೇನೆ. ನೂಲಿಗೆ ಬಣ್ಣ ಕಟ್ಟಿ, ಮಗ್ಗದ ಮುಂದೆ ಕೂತು ಒಬ್ಬರು ನೇಯ್ದದ್ದರಲ್ಲಿ ಗೇಣುದ್ದವೂ ಹಾಳಾಗಬಾರದೆಂದು ನನ್ನ ಹಟ.

ಹೊಲಿಗೆ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ: ಕತ್ತರಿ ಹಾಕುವ ಮೇಜಿನ ಕೆಳಗೆ ಒಂದರ ಬದಲು ಎರಡು ಚೀಲಗಳನ್ನಿಟ್ಟು, ಹತ್ತಿಯನ್ನು ಒಂದಕ್ಕೆ, ಉಳಿದದ್ದನ್ನು ಇನ್ನೊಂದಕ್ಕೆ ಹಾಕಿರಿ. ಪಟ್ಟಣ ಪಂಚಾಯಿತಿಯವರು ವಾರಕ್ಕೊಮ್ಮೆ ಒಣಕಸದ ಗಾಡಿಯಲ್ಲಿ ಆ ಚೀಲಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ಸ್ತ್ರೀಶಕ್ತಿ ಸಂಘಗಳಿಗೆ ತಲುಪಿಸಿದರೆ, ಕೌದಿ ಹೊಲಿಯಬಲ್ಲ ಹಿರಿಯ ಹೆಂಗಸರು ಸುತ್ತಮುತ್ತಲ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆರಿದ್ರಾ ಮಳೆ ಹಿಡಿಯುವ ಮೊದಲೇ ತುಂಡುಗಳು ಕೈಸೇರಿದರೆ ಅವನ್ನು ಒಗೆದು ಒಣಗಿಸಲು ನಾಲ್ಕು ದಿನದ ಬಿಸಿಲಾದರೂ ಸಿಗುತ್ತದೆ.

ಇಂತಿ,
ಓದುಗರೊಬ್ಬರು, ತೀರ್ಥಹಳ್ಳಿ